ಅಜ್ಜ-ಅಜ್ಜಿಯ ಚಿತ್ರ ಬಿಡಿಸಲು ಮಕ್ಕಳಿಗೆ ಕಲಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿಯ ನಮ್ಮ ಮನೆಯ ಜಗಲಿಯಲ್ಲಿ ಭಾನುವಾರ ಬೆಳಿಗ್ಗೆ ಮಕ್ಕಳು ಚಿತ್ರ ಬಿಡಿಸಲು ಸೇರುತ್ತಾರೆ. ನಾಲ್ಕು ವರ್ಷದವರೂ ಇದ್ದಾರೆ, ಹನ್ನೊಂದು ವರ್ಷದವರೂ ಇದ್ದಾರೆ. ಬೇಸಿಗೆ ರಜೆಯಲ್ಲಿ ಅವರು ಅಜ್ಜನ ಮನೆಗೆ ಹೊರಡುವ ಮುಂಚೆ ಎಲ್ಲರಿಗೂ ಒಂದೇ ಕೆಲಸ ಹೇಳುತ್ತೇನೆ: ಅಜ್ಜನನ್ನೋ ಅಜ್ಜಿಯನ್ನೋ ಎದುರಿಗೆ ನೋಡಿಕೊಂಡು ಬಿಡಿಸಿ ತನ್ನಿ. ಅಲ್ಲಿಂದ ಪಾಲಕರ ಫೋನು ಶುರು. ಸಿದ್ದಾಪುರದ ತೋಟದ ಮನೆಯಿಂದ, ಕುಮಟಾದಿಂದ, ಕಾರವಾರದ ಬೈತಖೋಲದಿಂದ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಪ್ರತಿ ವರ್ಷ ಹೇಳುವ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಯಾವ ವಯಸ್ಸಿಗೆ ಶುರು ಮಾಡಬೇಕು?

ಬಳಪ ಹಿಡಿಯಲು ಬಂದ ದಿನದಿಂದಲೇ ಆಗಬಹುದು. ಎರಡು ವರ್ಷದ ಮಗು ಬರೀ ಗೀಚುತ್ತದೆ. ಆ ಗೀಚನ್ನು ತೋರಿಸಿ "ಇದು ಅಜ್ಜ" ಎಂದರೆ ಅದು ಅಜ್ಜನೇ, ತಕರಾರು ಬೇಡ. ಮೂರು ದಾಟಿ ನಾಲ್ಕರ ಹೊತ್ತಿಗೆ ಒಂದು ದುಂಡು, ಒಳಗೆ ಎರಡು ಚುಕ್ಕೆ, ಕೆಳಗೆ ಎರಡು ಉದ್ದ ಗೆರೆ ಮೂಡುತ್ತವೆ. ಐದು-ಆರಕ್ಕೆ ಹೊಟ್ಟೆ, ಕೈ, ಬೆರಳು, ಸೀರೆಯ ಅಂಚು ಬರುತ್ತವೆ. ಎಂಟು-ಒಂಬತ್ತರ ಮೇಲೆ "ಅಜ್ಜನ ಹಾಗೆ ಕಾಣುವುದೇ ಇಲ್ಲ" ಎಂಬ ಅಸಮಾಧಾನ ಮಗುವಿನಲ್ಲೇ ಹುಟ್ಟುತ್ತದೆ. ಅಳತೆ, ನೆರಳು ಇತ್ಯಾದಿ ಕಲಿಸುವುದು ಆಗ. ಅಲ್ಲಿಯವರೆಗೆ ನೋಡುವಂತೆ ಮಾಡುವುದಷ್ಟೇ ನಮ್ಮ ಪಾಲಿನ ಕೆಲಸ. ಬಿಡಿಸುವುದು ಮಗುವಿಗೆ ಬಿಟ್ಟದ್ದು.

ನನ್ನ ಮಗಳು ಅಜ್ಜಿಗೆ ಹೊಟ್ಟೆಯನ್ನೇ ಬಿಡಿಸುವುದಿಲ್ಲ. ತಲೆಯಿಂದಲೇ ಕಾಲು ಹೊರಡುತ್ತದೆ. ತಿದ್ದಬೇಕೇ?

ತಿದ್ದಬೇಡಿ. ದುಂಡು ತಲೆಗೆ ಬಾಲದ ಹಾಗೆ ಕಾಲು ಅಂಟಿಸಿದ ಈ ಗೊದಮೊಟ್ಟೆ ಮನುಷ್ಯನನ್ನು ಬೇರೆ ಬೇರೆ ದೇಶಗಳ ಮಕ್ಕಳು ಮೂರು-ನಾಲ್ಕರ ವಯಸ್ಸಿನಲ್ಲಿ ಬಿಡಿಸುತ್ತಾರೆ. ಮಗುವಿಗೆ ಮಾತನಾಡಿಸುವ ಮುಖ ಬೇಕು, ತನ್ನ ಕಡೆ ನಡೆದು ಬರುವ ಕಾಲು ಬೇಕು. ಹೊಟ್ಟೆಯ ಸರದಿ ಆಮೇಲೆ ತಾನಾಗಿ ಬರುತ್ತದೆ.

ಇನ್ನೂ ಸ್ವಲ್ಪ ದೊಡ್ಡವರು ಅಜ್ಜನ ಅಂಗಿಯ ಕಿಸೆಯೊಳಗಿನ ಪೆಪ್ಪರಮಿಂಟನ್ನೂ ಹೊರಗಿನಿಂದ ಕಾಣುವಂತೆ ಬಿಡಿಸುತ್ತಾರೆ. ಮಕ್ಕಳು ಕಣ್ಣಿಗೆ ಕಂಡದ್ದಕ್ಕಿಂತ ತಮಗೆ ಗೊತ್ತಿರುವುದನ್ನು ಬಿಡಿಸುತ್ತಾರೆ ಎಂದು ಫ್ರಾನ್ಸಿನ ವಿದ್ವಾಂಸ ಜಾರ್ಜ್-ಆನ್ರಿ ಲುಕೆ 1927ರಲ್ಲೇ ವಿವರಿಸಿದ್ದರು. ಕಿಸೆಯಲ್ಲಿ ಪೆಪ್ಪರಮಿಂಟು ಇದೆ ಎಂಬುದು ಆ ಮಗುವಿಗೆ ಖಚಿತವಾಗಿ ಗೊತ್ತು. ಹಾಗಾಗಿ ಅದು ಚಿತ್ರದಲ್ಲಿದೆ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಹಿಂದೊಮ್ಮೆ ಐದು ವರ್ಷದ ಹುಡುಗನೊಬ್ಬನ ಚಿತ್ರದಲ್ಲಿ ಅಜ್ಜನ ಮೂಗು ಸರಿಯಿಲ್ಲ ಎಂದು ನಾನೇ ಪೆನ್ಸಿಲ್ ತೆಗೆದುಕೊಂಡು ಮೂಗು ಬಿಡಿಸಿಕೊಟ್ಟೆ. ಅವನು ಒಂದು ಕ್ಷಣ ನೋಡಿ, ಕಾಗದವನ್ನು ನನ್ನ ಕಡೆಗೇ ಸರಿಸಿದ. "ಉಳಿದದ್ದನ್ನೂ ನೀವೇ ಬಿಡಿಸಿ" ಎಂದ. ಆ ಚಿತ್ರ ಮುಗಿಯಲೇ ಇಲ್ಲ. ಅಂದಿನಿಂದ ಮಕ್ಕಳ ಕಾಗದದ ಮೇಲೆ ನನ್ನ ಕೈಯಿಂದ ಒಂದು ಗೆರೆಯನ್ನೂ ಎಳೆದಿಲ್ಲ. ತೋರಿಸಲೇಬೇಕಿದ್ದರೆ ಬೇರೆ ಕಾಗದದಲ್ಲಿ ತೋರಿಸಿ.

ಅಜ್ಜ ಎರಡು ನಿಮಿಷ ಒಂದು ಕಡೆ ಕೂರುವುದಿಲ್ಲ. ಏನು ಮಾಡುವುದು?

ಕೂರಿಸಲು ಹೋಗಬೇಡಿ. "ಮಗು ಚಿತ್ರ ಬಿಡಿಸುತ್ತದೆ, ಅಲುಗಾಡಬೇಡಿ" ಎಂದು ಕುರ್ಚಿಯಲ್ಲಿ ಕೂರಿಸಿದ ಅಜ್ಜ ಆಧಾರ್ ಕಾರ್ಡಿನ ಫೋಟೊದಂತೆ ಬಿಗಿದುಕೊಳ್ಳುತ್ತಾರೆ. ಮಗುವಿಗೆ ಗೊತ್ತಿರುವ ಅಜ್ಜ ಅವರಲ್ಲ. ಅವರು ದಿನವೂ ಮಾಡುವ ಕೆಲಸದ ಪಕ್ಕದಲ್ಲಿ ಮಗುವನ್ನು ಕೂರಿಸಿ. ಕೈಕೆಲಸದಲ್ಲಿ ದೇಹ ಮತ್ತೆ ಮತ್ತೆ ಅದೇ ಭಂಗಿಗೆ ಬರುತ್ತದೆ. ಈ ಸಲ ತಪ್ಪಿದ್ದು ಮುಂದಿನ ಸಲ ಸಿಗುತ್ತದೆ.

ನಮ್ಮ ಕಡೆ ಇದಕ್ಕೆ ಅಡಿಕೆ ಸುಲಿಯುವ ಹೊತ್ತಿಗಿಂತ ಒಳ್ಳೆಯ ಹೊತ್ತಿಲ್ಲ. ಚಳಿಗಾಲದ ಸಂಜೆ, ದೀಪದ ಕೆಳಗೆ ಅಜ್ಜ ಮೆಟ್ಟುಗತ್ತಿಯ ಮಣೆಯ ಮೇಲೆ ಕೂರುತ್ತಾರೆ. ಒಂದು ಮೊಣಕಾಲು ಮೇಲೆ, ಇನ್ನೊಂದು ಮಡಚಿ ಕೆಳಗೆ. ಬೆನ್ನು ಬಾಗಿ ಕತ್ತಿಯ ಕಡೆಗೆ ಒಂದು ಕಮಾನು. ಗಂಟೆಗಟ್ಟಲೆ ಅದೇ ಭಂಗಿ, ಓಡಾಡುವುದು ಕೈ ಮಾತ್ರ. ಏಳು ವರ್ಷದ ಹುಡುಗಿಯೊಬ್ಬಳು ಹೀಗೆ ಕೂತು ಬಿಡಿಸಿ ತಂದ ಚಿತ್ರದಲ್ಲಿ ಅಜ್ಜನ ಬೆರಳ ತುದಿಗಳನ್ನೆಲ್ಲ ಪೆನ್ಸಿಲ್ ಒತ್ತಿ ಒತ್ತಿ ಕಪ್ಪು ಮಾಡಿದ್ದಳು. ಕೊಳೆಯಾಗಿದೆಯೇ ಎಂದು ಕೇಳಿದೆ. "ಅಲ್ಲ, ಹಸಿ ಅಡಿಕೆಯ ಕರೆ. ತೊಳೆದರೂ ಹೋಗುವುದಿಲ್ಲ. ಅಜ್ಜ ನನ್ನ ಕೆನ್ನೆ ಮುಟ್ಟಿದರೆ ಒರಟಾಗಿರುತ್ತದೆ" ಎಂದಳು. ಮುಖವನ್ನು ಒಂದು ದುಂಡಿನಲ್ಲಿ ಮುಗಿಸಿದ್ದಳು. ಅಡ್ಡಿಯಿಲ್ಲ, ಆ ಹತ್ತು ಬೆರಳುಗಳಲ್ಲಿ ಅವಳ ಅಜ್ಜ ಪೂರ್ತಿ ಇದ್ದರು.

ಕರಾವಳಿಯ ಮನೆಗಳಲ್ಲಿ ಬಲೆ ಸರಿಪಡಿಸುವ ಅಜ್ಜನನ್ನು ನೋಡಲು ಹೇಳಿ. ಬಲೆಯ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಬಿಗಿಯಾಗಿ ಎಳೆದು ಹಿಡಿದಿರುತ್ತಾರಲ್ಲ, ಅದನ್ನು ಯಾವ ಮಗುವೂ ಬಿಡುವುದಿಲ್ಲ. ಹೆಬ್ಬೆರಳನ್ನು ತಲೆಯಷ್ಟು ದೊಡ್ಡದು ಮಾಡಿ ಬಿಡಿಸುತ್ತಾರೆ! ಹಾಗೆಯೇ ಇರಲಿ. ಅಜ್ಜಿಯರಾದರೆ ಈಳಿಗೆ ಮಣೆಯ ಮೇಲೆ, ಅಬ್ಬಲಿಗೆ ದಂಡೆ ಕಟ್ಟುವಾಗ, ಅಕ್ಕಿ ಆರಿಸುವಾಗ. ಊಟವಾದ ಮೇಲೆ ಕವಳ ಹಾಕಲು ಕೂರುವ ಹೊತ್ತೂ ಒಳ್ಳೆಯದೇ, ಎಲೆಯ ತೊಟ್ಟು ಮುರಿದು ಸುಣ್ಣ ಸವರುವ ಅವಸರವಿಲ್ಲದ ಹತ್ತು ನಿಮಿಷ ಸಿಗುತ್ತದೆ.

ಯೂಟ್ಯೂಬಿನಲ್ಲಿ ಅಜ್ಜ-ಅಜ್ಜಿ ಬಿಡಿಸುವುದನ್ನು ಹೇಳಿಕೊಡುವ ವಿಡಿಯೋಗಳಿವೆ. ತೋರಿಸಬಹುದೇ?

ನಾನು ತೋರಿಸುವುದಿಲ್ಲ. ಅಲ್ಲಿ ಕಾಣುವುದು ಬಹುಪಾಲು ಒಬ್ಬನೇ ಅಜ್ಜ: ಬೋಳುತಲೆ, ದುಂಡು ಕನ್ನಡಕ, ಬಿಳಿ ಮೀಸೆ, ಕೈಯಲ್ಲಿ ಕೋಲು. ಅಜ್ಜಿಗೆ ತಲೆಯ ಮೇಲೊಂದು ಗಂಟು. ಒಮ್ಮೆ ಅದು ಕೈಗೆ ಅಭ್ಯಾಸವಾಯಿತೆಂದರೆ ಮಗು ಎದುರಿಗಿರುವ ಅಜ್ಜನನ್ನು ನೋಡುವುದನ್ನೇ ನಿಲ್ಲಿಸುತ್ತದೆ. ನನ್ನಲ್ಲಿಗೆ ಬರುವ ಮಕ್ಕಳ ಅಜ್ಜಂದಿರಲ್ಲಿ ಕೆಲವರು ಇನ್ನೂ ಬೈಕ್ ಓಡಿಸುತ್ತಾರೆ, ಒಬ್ಬರು ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಾರೆ. ಅವರ ಕೈಗೂ ಚಿತ್ರದಲ್ಲಿ ಕೋಲು ಬಂದಿತ್ತು.

"ಕೋಲು ಎಲ್ಲಿಂದ ಬಂತು?" ಎಂದು ಮೆಲ್ಲಗೆ ಕೇಳಿ. ಆಮೇಲೆ ನಿಮ್ಮ ಅಜ್ಜನಿಗೆ ಮಾತ್ರ ಇರುವ, ಬೇರೆ ಯಾರ ಅಜ್ಜನಿಗೂ ಇಲ್ಲದ ಮೂರು ಸಂಗತಿ ಹುಡುಕಿಕೊಂಡು ಬಾ ಎಂದು ಕಳುಹಿಸಿ. ಹುಬ್ಬಿನಲ್ಲಿ ಉದ್ದ ಬೆಳೆದ ಒಂದು ಬಿಳಿ ಕೂದಲು, ಕಿವಿಯ ಮೇಲೆ ಸಿಕ್ಕಿಸಿದ ಬೀಡಿ, ಪಿನ್ನು ಹಾಕಿ ಜೋಡಿಸಿದ ಚಪ್ಪಲಿಯ ಬಾರು. ಮಕ್ಕಳು ತರುವ ಇಂಥ ಪಟ್ಟಿಯನ್ನು ಕೇಳುವುದೇ ನನಗೆ ವರ್ಷದ ದೊಡ್ಡ ಖುಷಿ.

ಸುಕ್ಕು ಬಿಡಿಸುವುದು ಹೇಗೆ? ನಮ್ಮವನು ಮುಖದ ತುಂಬ ಗೀಚಿ ಬಿಡುತ್ತಾನೆ.

ಸುಕ್ಕು ಇದೆ ಎಂದು ಅವನಿಗೆ ಗೊತ್ತು, ಯಾವ ದಿಕ್ಕಿಗೆ ಓಡುತ್ತದೆ ಎಂದು ನೋಡಿಲ್ಲ. ಕಾಗದ ಬದಿಗಿಡಿ. ಅಜ್ಜಿಯ ಅಂಗೈಯನ್ನು ಕೆಳಗೆ ಮಾಡಿ, ಕೈಯ ಮೇಲ್ಭಾಗದ ಚರ್ಮವನ್ನು ಮಗು ಎರಡು ಬೆರಳಲ್ಲಿ ಮೆಲ್ಲಗೆ ಎತ್ತಲಿ. ಎತ್ತಿದ ಚರ್ಮ ಒಂದು ಗಳಿಗೆ ಹಾಗೆಯೇ ನಿಂತು ನಿಧಾನಕ್ಕೆ ಇಳಿಯುತ್ತದೆ. ತನ್ನ ಕೈಯಲ್ಲೂ ಮಾಡಿ ನೋಡಲಿ, ಅಲ್ಲಿ ತಟ್ಟನೆ ಇಳಿಯುತ್ತದೆ. ಆಮೇಲೆ ನೀಲಿ ನರಗಳ ಮೇಲೆ ಬೆರಳಾಡಿಸಲಿ. ಈ ಐದು ನಿಮಿಷ ಕಲಿಸುವಷ್ಟನ್ನು ನಾನು ಮಾತಿನಲ್ಲಿ ಕಲಿಸಲಾರೆ.

ಆಮೇಲೆ ಮುಖ. ಅಜ್ಜಿಯನ್ನು ನಗಿಸಿ. ನಕ್ಕಾಗ ಕಣ್ಣಿನ ಹೊರಮೂಲೆಯಿಂದ ಬೀಸಣಿಗೆ ಬಿಚ್ಚಿದ ಹಾಗೆ ಗೆರೆಗಳು ಹೊರಡುತ್ತವೆ. ಹುಬ್ಬೇರಿಸಿದರೆ ಹಣೆಯಲ್ಲಿ ಅಡ್ಡ ಗೆರೆ, ಹುಬ್ಬು ಗಂಟಿಕ್ಕಿದರೆ ನಡುವೆ ನಿಂತ ಗೆರೆ. ಮೂಗಿನ ಪಕ್ಕದಿಂದ ಬಾಯಿಯ ಮೂಲೆಯವರೆಗೆ ಎರಡು ಆಳವಾದ ಗೆರೆ. ಇಷ್ಟು ವರ್ಷ ಮುಖ ಹೇಗೆಲ್ಲ ಆಡಿತೋ ಆ ದಾರಿಯಲ್ಲೇ ಚರ್ಮ ಮಡಿಕೆ ಬಿದ್ದಿರುತ್ತದೆ. ಚಿಕ್ಕ ಮಕ್ಕಳಿಗೆ ಒಂದೇ ಮಾತು ಸಾಕು: ನಗುವಿನ ಗೆರೆ ಮೂರು ಹಾಕು, ಮೂರೇ. ದೊಡ್ಡವರಿಗೆ ಪೆನ್ಸಿಲನ್ನು ಹಗುರವಾಗಿ ಹಿಡಿಯಲು ಹೇಳಿ. ಎಲ್ಲ ಗೆರೆಯನ್ನೂ ಒಂದೇ ಒತ್ತಡದಲ್ಲಿ ಎಳೆದರೆ ಬಿರುಕು ಬಿಟ್ಟ ಗದ್ದೆಯಂತೆ ಕಾಣುತ್ತದೆ.

ಇನ್ನೂ ಹತ್ತಿರ ಹೋಗುವ ಮಕ್ಕಳಿರುತ್ತಾರೆ. ಅವರಿಗೆ ಅಜ್ಜಿಯ ಕಣ್ಣಿನ ಕಪ್ಪುಗುಡ್ಡೆಯ ಅಂಚನ್ನು ತೋರಿಸಿ. ವಯಸ್ಸಾದವರಲ್ಲಿ ಹಲವರಿಗೆ ಅಲ್ಲಿ ಬೂದುಬಣ್ಣದ ತೆಳು ಬಳೆಯೊಂದು ಮೂಡಿರುತ್ತದೆ. ಮನೆಯ ದೊಡ್ಡವರು ಅದನ್ನು ಗಮನಿಸಿಯೇ ಇರುವುದಿಲ್ಲ, ಮಕ್ಕಳು ಅರ್ಧ ನಿಮಿಷದಲ್ಲಿ ಕಂಡುಹಿಡಿಯುತ್ತಾರೆ.

ಮಗ ಹಲ್ಲಿಲ್ಲದ ಬಾಯಿ ಬಿಡಿಸಿದ್ದಕ್ಕೆ ಅತ್ತೆಯವರಿಗೆ ಬೇಸರವಾಯಿತು. ಅಳಿಸಲು ಹೇಳಲೇ?

ಅಳಿಸಲು ಹೇಳಿದರೆ, ಕಂಡದ್ದನ್ನು ಬಿಡಿಸುವುದು ತಪ್ಪು ಎಂದು ಹುಡುಗ ಕಲಿಯುತ್ತಾನೆ. ಅತ್ತೆಯವರ ಬೇಸರವೂ ಸುಳ್ಳಲ್ಲ. ಯೌವನದಲ್ಲಿ ಯಾರೂ ಅವರ ಚಿತ್ರ ಬಿಡಿಸಿರಲಿಕ್ಕಿಲ್ಲ, ಮೊದಲ ಬಾರಿ ಬಿಡಿಸಿದಾಗ ಬಾಯಿ ಬೊಚ್ಚು. ಹುಡುಗನನ್ನೇ ಅಜ್ಜಿಯ ಪಕ್ಕದಲ್ಲಿ ಕೂರಿಸಿ, ಚಿತ್ರದಲ್ಲಿ ಏನೇನಿದೆ ಎಂದು ಅವನ ಬಾಯಿಂದಲೇ ಹೇಳಿಸಿ. ಅವನಿಗೂ ಮುಂದಿನ ಎರಡು ಹಲ್ಲು ಬಿದ್ದಿರುವ ವಯಸ್ಸು ತಾನೇ? ಹಾಗಿದ್ದರೆ ಅವನನ್ನೂ ಅದೇ ಕಾಗದದಲ್ಲಿ ಅಜ್ಜಿಯ ಪಕ್ಕ ಬಿಡಿಸಿಕೊಳ್ಳಲು ಹೇಳಿ. ಒಂದು ಮನೆಯಲ್ಲಿ ಹೀಗೆ ಮಾಡಿದಾಗ ಅಜ್ಜಿಯೇ ಆ ಚಿತ್ರವನ್ನು ದೇವರ ಕೋಣೆಯ ಬಾಗಿಲಿಗೆ ಅಂಟಿಸಿಸಿದರು.

ಕಣ್ಣು, ಮೂಗು, ಕಿವಿ ಎಲ್ಲೆಲ್ಲಿ ಬರಬೇಕು? ಅಳತೆ ಹೇಳಿ.

ಎಂಟು ವರ್ಷ ದಾಟಿದವರಿಗೆ ಮಾತ್ರ ಹೇಳುತ್ತಿದ್ದೇನೆ. ಮಕ್ಕಳು ಕಣ್ಣನ್ನು ಹಣೆಯ ಮೇಲೆ ಇಡುತ್ತಾರೆ. ನಿಜವಾಗಿ ನೆತ್ತಿಯಿಂದ ಗಲ್ಲದವರೆಗಿನ ಉದ್ದದಲ್ಲಿ ಕಣ್ಣು ಸುಮಾರು ನಡುಮಧ್ಯಕ್ಕೆ ಬರುತ್ತದೆ. ಎರಡು ಕಣ್ಣಿನ ನಡುವೆ ಇನ್ನೊಂದು ಕಣ್ಣು ಹಿಡಿಯುವಷ್ಟು ಜಾಗ. ಕಿವಿ ಹುಬ್ಬಿನ ಮಟ್ಟದಿಂದ ಮೂಗಿನ ತುದಿಯ ಮಟ್ಟದವರೆಗೆ. ಅಳೆಯಲು ಹಿಡಿಯಿಂದ, ಅಂದರೆ ಪೊರಕೆಯಿಂದ, ಒಂದು ತೆಂಗಿನ ಕಡ್ಡಿ ಎಳೆದು ಕೊಡಿ. ಕೈಯನ್ನು ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ಕಡ್ಡಿಯ ಮೇಲೆ ಹೆಬ್ಬೆರಳು ಜಾರಿಸಿ ಅಳೆಯುವುದು ಮಕ್ಕಳಿಗೆ ಆಟದಷ್ಟೇ ಇಷ್ಟ.

ಅಜ್ಜ-ಅಜ್ಜಿಯ ಮುಖದಲ್ಲಿ ಈ ಲೆಕ್ಕ ಸ್ವಲ್ಪ ಸರಿಯುತ್ತದೆ, ಹೋಲಿಕೆ ಸಿಗುವುದೂ ಅಲ್ಲೇ. ಹಲ್ಲು ಹೋದ ಮೇಲೆ ದವಡೆ ಸವೆದು ಮೂಗಿಗೂ ಗಲ್ಲಕ್ಕೂ ನಡುವಿನ ಅಂತರ ಕಡಿಮೆಯಾಗುತ್ತದೆ, ತುಟಿ ಒಳಸರಿಯುತ್ತದೆ. ಮೂಗಿನ ತುದಿ ಕೆಳಗೆ ಬಾಗುತ್ತದೆ. ಕಿವಿಯ ಹಾಲೆ ಉದ್ದವಾಗುತ್ತದೆ, ವರ್ಷಾನುಗಟ್ಟಲೆ ಭಾರದ ಓಲೆ ಹಾಕಿದ ಅಜ್ಜಿಯ ಕಿವಿಯ ತೂತಂತೂ ಸೀಳಿನಂತೆ ಇಳಿದಿರುತ್ತದೆ. ಮೇಲಿನ ರೆಪ್ಪೆ ಜೋತು ಕಣ್ಣು ಸಣ್ಣದಾಗುತ್ತದೆ. ಮಗು ದೊಡ್ಡ ದೊಡ್ಡ ಕಣ್ಣು ಬಿಡಿಸಿದ್ದರೆ ಅಜ್ಜಿ ಅತ್ತೆಯಂತೆ ಕಾಣುವುದು ಇದರಿಂದಲೇ.

'ಮೈಬಣ್ಣ' ಎಂದು ಬರೆದ ಕ್ರೇಯಾನ್ ಹಚ್ಚಿದರೆ ಅಜ್ಜ ಗುಲಾಬಿ ಬಣ್ಣವಾಗುತ್ತಾರೆ. ಯಾವ ಬಣ್ಣ ಬಳಸಲಿ?

ಆ ಕಡ್ಡಿಯನ್ನು ಡಬ್ಬಿಯಿಂದ ತೆಗೆದಿಡಿ. ಬಿಸಿಲಲ್ಲಿ ದುಡಿದ ಮೈಗೆ ಆ ಬಣ್ಣ ಎಲ್ಲಿಯದು? ಕಂದು ಹಚ್ಚಿ, ಅದರ ಮೇಲೆ ಕಿತ್ತಳೆಯನ್ನು ತೆಳುವಾಗಿ ಎಳೆದು, ಕತ್ತಿನ ಕೆಳಗೆ ಸ್ವಲ್ಪ ನೇರಳೆ ಸೇರಿಸಲು ಹೇಳಿ. ಮಗುವಿನ ಕೈಯನ್ನೂ ಅಜ್ಜನ ಕೈಯನ್ನೂ ಕಾಗದದ ಮೇಲೆ ಅಕ್ಕಪಕ್ಕ ಇಟ್ಟು ನೋಡಿದರೆ ಬಣ್ಣ ಆರಿಸುವುದು ಸುಲಭ.

ಕೊಂಡ ಬಣ್ಣವೇ ಆಗಬೇಕೆಂದಿಲ್ಲ. ಅಡಿಕೆ ಬೇಯಿಸಿದ ಚೊಗರನ್ನು ಒಂದು ಕರಟದಲ್ಲಿ ಎತ್ತಿಟ್ಟುಕೊಂಡು ಕುಂಚದಲ್ಲಿ ಬಳಿದು ನೋಡಿ. ಒಂದು ಕೈ ಬಳಿದರೆ ಜೇನಿನ ಬಣ್ಣ, ಒಣಗಿದ ಮೇಲೆ ಮತ್ತೊಂದು ಕೈ ಬಳಿದರೆ ಗಾಢ ಕಂದು. ಕೆಮ್ಮಣ್ಣು ಅರೆದು ಸೋಸಿದರೆ ಕೆಂಪು, ಅಕ್ಕಿ ಅರೆದರೆ ಬಿಳಿ, ಒಲೆಯ ಇದ್ದಿಲಿನಿಂದ ಕಪ್ಪು. ಹಸೆ ಚಿತ್ತಾರ ಬರೆಯುವ ದೀವರ ಮನೆಯ ಹೆಂಗಸರು ಕೆಮ್ಮಣ್ಣು, ಅಕ್ಕಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿಯಲ್ಲೇ ಇಡೀ ಗೋಡೆ ತುಂಬಿಸುತ್ತಾರೆ, ಕುಂಚಕ್ಕೆ ಪುಂಡಿನಾರು. ಶಿರಸಿಯ ಮಾರಿಕಾಂಬಾ ದೇವಸ್ಥಾನಕ್ಕೆ ಹೋದಾಗ ಗೋಡೆಯ ಕಾವಿ ಚಿತ್ರಗಳ ಮುಂದೆ ಮಕ್ಕಳನ್ನು ನಿಲ್ಲಿಸಿ. ಬಿಳಿ ಸುಣ್ಣ ಮತ್ತು ಕೆಮ್ಮಣ್ಣು, ಎರಡೇ ಬಣ್ಣದಲ್ಲಿ ಕಣ್ಣು, ಮೀಸೆ, ಸೀರೆಯ ನೆರಿಗೆ ಎಲ್ಲವೂ ಬಂದಿವೆ. ಮರುದಿನ ಅಜ್ಜಿಯನ್ನು ಎರಡೇ ಬಣ್ಣದಲ್ಲಿ ಬಿಡಿಸಲು ಹೇಳಿದರೆ ಮಕ್ಕಳು ಹೆದರುವುದಿಲ್ಲ.

ಯಾವ ಕಾಗದ, ಯಾವ ಪೆನ್ಸಿಲ್?

ಕಾಗದ ದೊಡ್ಡದಿರಲಿ. ಹಳೆಯ ಕ್ಯಾಲೆಂಡರಿನ ಹಿಂಬದಿ ಧಾರಾಳ ಸಾಕು. ಪೆನ್ಸಿಲ್ 2ಬಿ. ರಬ್ಬರು ಕೊಡಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮಳೆಯಲ್ಲಿ ಕಾಗದ ಥಂಡಿ ಹಿಡಿದು ಮೆತ್ತಗಾಗುತ್ತದೆ, ಸ್ಕೆಚ್ ಪೆನ್ನಿನ ಶಾಯಿ ಹರಡುತ್ತದೆ. ಆಗ ಮೇಣದ ಕ್ರೇಯಾನೇ ಒಳ್ಳೆಯದು.

ಫೋಟೊ ನೋಡಿ ಬಿಡಿಸಿದರೆ ಆಗದೇ?

ಅಜ್ಜ-ಅಜ್ಜಿ ದೂರದಲ್ಲಿದ್ದರೆ ಬೇರೆ ದಾರಿ ಏನಿದೆ? ಆಗಲಿ. ಆದರೆ ಫೋಟೊ ಪಕ್ಕದಲ್ಲಿಟ್ಟು ಫೋನಿನಲ್ಲಿ ಮಾತನಾಡುತ್ತಾ ಬಿಡಿಸಲಿ. ಈಗ ಏನು ಉಟ್ಟಿದ್ದೀರಿ, ಎಲ್ಲಿ ಕೂತಿದ್ದೀರಿ ಎಂದು ಮಗು ಕೇಳಲಿ. ಮುಖ ಫೋಟೊದ್ದು, ಸೀರೆ ಇವತ್ತಿನದು.

ಫೋಟೊ ಓದುವುದನ್ನು ಕಲಿಸಲು ನಾನು ಪತ್ರಿಕೆಗಳಲ್ಲಿ ಬಂದ ತುಳಸಿ ಗೌಡ ಮತ್ತು ಸುಕ್ರಿ ಬೊಮ್ಮಗೌಡ ಅವರ ಚಿತ್ರಗಳನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ. ಇಬ್ಬರೂ ಅಂಕೋಲಾದ ಹಾಲಕ್ಕಿ ಸಮುದಾಯದ ಅಜ್ಜಿಯರಾಗಿದ್ದರು, ಪದ್ಮಶ್ರೀ ಪಡೆದವರು. ಕೊರಳ ತುಂಬ ಮಣಿಸರ, ಅದೇ ಬಗೆಯ ಉಡುಗೆ. ದೂರದಿಂದ ಒಂದೇ ಥರ ಕಾಣುತ್ತಾರೆ. ಇಬ್ಬರನ್ನೂ ಅಕ್ಕಪಕ್ಕ ಇಟ್ಟು ವ್ಯತ್ಯಾಸ ಹುಡುಕಿ ಎಂದರೆ ಮಕ್ಕಳು ಮಣಿಯನ್ನು ಬಿಟ್ಟು ಕೆನ್ನೆಯ ಮೂಳೆ, ಬಾಯಿಯ ಮೂಲೆ ನೋಡತೊಡಗುತ್ತಾರೆ. 2021ರಲ್ಲಿ ತುಳಸಿ ಗೌಡರು ಪ್ರಶಸ್ತಿ ಪಡೆಯಲು ಬರಿಗಾಲಲ್ಲೇ ರಾಷ್ಟ್ರಪತಿ ಭವನಕ್ಕೆ ಹೋದ ಫೋಟೊ ತೋರಿಸಿದ ದಿನ ಹೆಚ್ಚಿನ ಮಕ್ಕಳು ಪಾದದಿಂದಲೇ ಚಿತ್ರ ಶುರು ಮಾಡಿದ್ದರು.

ಅಜ್ಜ ತೀರಿಕೊಂಡು ಆರು ತಿಂಗಳಾಯಿತು. ಮಗಳಿಗೆ ಬಿಡಿಸಬೇಕೆಂದಿದೆ, ಮುಖ ನೆನಪಿಗೆ ಬರುತ್ತಿಲ್ಲ ಎಂದು ಅಳುತ್ತಾಳೆ.

ಮುಖದಿಂದ ಶುರು ಮಾಡುವುದು ಬೇಡ. ಅಜ್ಜನ ವಸ್ತು ಒಂದನ್ನು ಅವಳ ಮುಂದಿಡಿ. ಕವಳದ ಸಂಚಿ, ಅಡಕತ್ತರಿ, ಅಡಿಕೆ ಹಾಳೆಯ ಟೋಪಿ, ಕನ್ನಡಕದ ಪೆಟ್ಟಿಗೆ, ಯಾವುದಾದರೂ ಆಗಬಹುದು. ಅದನ್ನು ನೋಡಿ ನಿಧಾನವಾಗಿ ಬಿಡಿಸಲಿ. ಆಮೇಲೆ ಅದನ್ನು ಹಿಡಿದ ಕೈ. ಆ ಕೈಗೆ ತೋಳು. ಹಾಗೇ ಮೇಲೆ ಹೋಗಲಿ, ಕುತ್ತಿಗೆಯ ಹತ್ತಿರ ನಿಂತರೂ ನಿಲ್ಲಲಿ. ಒಬ್ಬ ಹುಡುಗ ಮಳೆಗಾಲದಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ತೋಟಕ್ಕೆ ಇಳಿಯುವ ಅಜ್ಜನನ್ನು ಬೆನ್ನ ಕಡೆಯಿಂದ ಬಿಡಿಸಿದ್ದ. ಮುಖ ಇರಲೇ ಇಲ್ಲ. ಅವನ ಅಮ್ಮ ಅದನ್ನು ನೋಡಿ, ನಡೆಯುವಾಗ ಎಡಕ್ಕೆ ವಾಲುತ್ತಿದ್ದುದು ಇವನಿಗೆ ಹೇಗೆ ನೆನಪಿತ್ತು ಎಂದು ಕೇಳಿದರು.

ಅವಳು ಅಳುತ್ತಿದ್ದರೆ ಪಕ್ಕದಲ್ಲಿ ಕೂರಿ. ಸಮಾಧಾನ ಹೇಳುವುದಕ್ಕಿಂತ, ನಿಮಗೆ ನೆನಪಿರುವುದನ್ನು ಹೇಳಿ.

ಅಜ್ಜಿಗೆ ಮರೆವಿನ ಕಾಯಿಲೆ. ಮೊಮ್ಮಗನ ಗುರುತು ಕೆಲವೊಮ್ಮೆ ಹತ್ತುವುದಿಲ್ಲ. ಚಿತ್ರ ಬಿಡಿಸಲು ಕೂರಿಸಬಹುದೇ?

ಖಂಡಿತ ಕೂರಿಸಿ. ಬೆಳಿಗ್ಗೆ, ಅಜ್ಜಿಯ ಮನಸ್ಸು ತಿಳಿಯಾಗಿರುವ ಹೊತ್ತು ನೋಡಿಕೊಳ್ಳಿ. "ನಾನು ಯಾರು ಹೇಳು" ಎಂದು ಮಗು ಪರೀಕ್ಷೆ ಮಾಡದಂತೆ ಮೊದಲೇ ತಿಳಿಸಿ. ಇಬ್ಬರ ಕೈಗೂ ಒಂದೊಂದು ಕ್ರೇಯಾನ್ ಕೊಟ್ಟರೆ ಮಾತಿನ ಹಂಗಿಲ್ಲದೆ ಅರ್ಧ ಗಂಟೆ ಕಳೆಯುತ್ತಾರೆ. ಅಂಗಳದಲ್ಲಿ ಅರವತ್ತು ವರ್ಷ ರಂಗೋಲಿ ಹಾಕಿದ ಕೈ ಅದು. ಚುಕ್ಕಿ ಇಟ್ಟು ಕೊಟ್ಟರೆ ಗೆರೆ ಸೇರಿಸಿಯಾರು.

ಸ್ಪರ್ಧೆಗೆ ಕಳುಹಿಸಬಹುದೇ?

ಅಕ್ಟೋಬರ್ 1ರ ವಿಶ್ವ ಹಿರಿಯರ ದಿನಕ್ಕೆ ಚಿತ್ರಸ್ಪರ್ಧೆ ಏರ್ಪಡಿಸುವವರಿದ್ದಾರೆ. ನನ್ನ ಸಲಹೆ, ಹತ್ತು ವರ್ಷದೊಳಗಿನವರ ಈ ಚಿತ್ರವನ್ನು ಕಳುಹಿಸಬೇಡಿ. ತನ್ನ ಅಜ್ಜಿಗೆ ಬಹುಮಾನ ಬರಲಿಲ್ಲ ಎಂದು ಮಗು ತಿಳಿದುಕೊಳ್ಳುತ್ತದೆ.

ನನಗೇ ಚಿತ್ರ ಬರುವುದಿಲ್ಲ. ಕಲಿಸುವುದು ಹೇಗೆ?

ನೀವು ಪ್ರಶ್ನೆ ಕೇಳಿದರೆ ಸಾಕು. ಅಜ್ಜನ ಎರಡು ಕಿವಿಯೂ ಒಂದೇ ಥರ ಇವೆಯೇ? ಪಂಚೆ ಎಲ್ಲಿಯವರೆಗೆ ಬರುತ್ತದೆ? ಕೂತಾಗ ಕೈ ಎಲ್ಲಿಡುತ್ತಾರೆ? ಉತ್ತರ ಗೊತ್ತಿಲ್ಲದ ಪ್ರಶ್ನೆಗಳನ್ನೇ ಕೇಳಿ, ಇಬ್ಬರೂ ಎದ್ದು ಹೋಗಿ ನೋಡಿಕೊಂಡು ಬನ್ನಿ.

ಮೊಮ್ಮಗಳನ್ನು ನೋಡಿ ಅಜ್ಜನೂ ಕುಂಚ ಹಿಡಿಯುತ್ತೇನೆ ಎನ್ನುತ್ತಿದ್ದಾರೆ. ಈ ವಯಸ್ಸಿನಲ್ಲಿ ಆದೀತೇ?

ಕಾರವಾರದ ಕಡಲತೀರಕ್ಕೆ ಯಾರ ಹೆಸರಿದೆಯೋ ಆ ರವೀಂದ್ರನಾಥ ಟ್ಯಾಗೋರರು ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಜೊತೆ ಬಂದು ಉಳಿದಾಗ ಇಪ್ಪತ್ತರ ಹರೆಯದವರು, ಆಗ ನಾಟಕ ಬರೆದರು. ಚಿತ್ರಕಲೆಗೆ ಗಂಭೀರವಾಗಿ ಇಳಿದದ್ದು ಅರವತ್ತು ದಾಟಿದ ಮೇಲೆ. ಮೊದಲ ಪ್ರದರ್ಶನ 1930ರಲ್ಲಿ, ಪ್ಯಾರಿಸ್‌ನಲ್ಲಿ. ಅಜ್ಜನಿಗೂ ಒಂದು ಕ್ಯಾಲೆಂಡರ್ ಹಾಳೆ ಕೊಡಿ. ಮೊಮ್ಮಗಳು ಅವರನ್ನು ಬಿಡಿಸಲಿ, ಅವರು ಮೊಮ್ಮಗಳನ್ನು.

ಬಿಡಿಸಿದ ಚಿತ್ರಗಳನ್ನು ಹೇಗೆ ಇಟ್ಟುಕೊಳ್ಳಬೇಕು?

ಗೋಡೆಗೆ ಅಂಟಿಸಿದ್ದನ್ನು ಮೇ ಕೊನೆಯೊಳಗೆ ತೆಗೆಯಿರಿ, ಇಲ್ಲವಾದರೆ ಮೊದಲ ಮಳೆಗೇ ಬೂಷ್ಟು ಹಿಡಿಯುತ್ತದೆ. ಬಿಸಿಲಿಗೆ ಒಣಗಿಸಿ, ನಡುವೆ ಒಂದೊಂದು ಬಿಳಿ ಹಾಳೆ ಇಟ್ಟು ಮುಚ್ಚಳ ಬಿಗಿಯಾಗಿ ಕೂರುವ ಡಬ್ಬಿಯಲ್ಲಿ ಇಡಿ. ಮೊಬೈಲಿನಲ್ಲಿ ಫೋಟೊ ತೆಗೆದಿಡುವುದೂ ಒಳ್ಳೆಯದೇ. ಡಬ್ಬಿಗೆ ಹಾಕುವ ಮುನ್ನ ಚಿತ್ರದ ಹಿಂಬದಿಯಲ್ಲಿ ತಾರೀಖು, ಮಗುವಿನ ವಯಸ್ಸು, ಚಿತ್ರದ ಬಗ್ಗೆ ಮಗು ಹೇಳಿದ ಮಾತು ಇಷ್ಟನ್ನೂ ಬರೆಯಿರಿ. ಮಗುವಿನ ಮಾತನ್ನು ತಿದ್ದದೆ ಬರೆಯಿರಿ. ನನ್ನಲ್ಲಿರುವ ಒಂದರ ಹಿಂದೆ, ನಾಲ್ಕು ವರ್ಷದವಳು ಹೇಳಿದ್ದು ಹೀಗಿದೆ: "ಇದು ಅಮ್ಮಮ್ಮ. ಇದು ಅಮ್ಮಮ್ಮನ ಮಡಿಲು. ಇಲ್ಲಿ ನಾನಿದ್ದೇನೆ, ನಿದ್ದೆ ಬಂದಿದೆ, ಅದಕ್ಕೆ ಕಾಣುವುದಿಲ್ಲ."